ಹನ್ನೊಂದು ದಿಂಬಿನ ವನವಾಸ

ನಮ್ಮ ಟ್ರೇಲರ್‌ನಲ್ಲಿ ಹನ್ನೊಂದು ದಿಂಬುಗಳಿವೆ. ಮಲಗುವವರು ಮೂವರು. ಆದರೆ ಆ ಹನ್ನೊಂದರಲ್ಲಿ ಒಂದರ ಮೇಲೂ ಯಾರೂ ತಲೆ ಇಡುವ ಹಾಗಿಲ್ಲ. ಅವು ನೋಡುವ ದಿಂಬುಗಳು. ರಾತ್ರಿ ಮಲಗುವ ಮುಂಚೆ ಅವನ್ನೆಲ್ಲ ಎತ್ತಿ ವ್ಯಾನಿಗೆ ಸಾಗಿಸಬೇಕು. ಬೆಳಿಗ್ಗೆ ವಾಪಸ್ ತಂದು, ನಡುನೆತ್ತಿಗೆ ಅಂಗೈ ಅಂಚಿನಿಂದ ಒಂದು ಏಟು ಕೊಟ್ಟು, ಬೆಕ್ಕಿನ ಕಿವಿ ಥರ ಎರಡು ಮೂಲೆ ಎದ್ದು ನಿಲ್ಲುವ ಹಾಗೆ ಜೋಡಿಸಬೇಕು. ಇದಕ್ಕೆ ಕ್ಯಾಂಪಿಂಗ್ ಅಂತ ಹೆಸರು.

ಟ್ರೇಲರ್ ಅಂದರೆ ಗೊತ್ತಲ್ಲ, ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ತಗಡಿನ ಪೆಟ್ಟಿಗೆ. ಒಳಗೆ ಮಂಚ, ಒಲೆ, ಸಿಂಕು, ಪುಣ್ಯ ಮಾಡಿದ್ದರೆ ಒಂದು ಕಕ್ಕಸು. ಅಮೆರಿಕದಲ್ಲಿ 1950–60ರ ಕಾಲದ ಗುಂಡಗಿನ ಸಣ್ಣ ಟ್ರೇಲರ್‌ಗಳಿಗೆ 'ಕ್ಯಾನ್ಡ್ ಹ್ಯಾಮ್' ಅಂತ ಅಡ್ಡಹೆಸರು ಇದೆ. ಡಬ್ಬಿಯಲ್ಲಿ ಬರುವ ಹಂದಿಮಾಂಸ. ಪಕ್ಕದಿಂದ ನೋಡಿದರೆ ಅದೇ ಆಕಾರ. ಈ ಸಂಗತಿಯನ್ನು ನಾನು ಅಮ್ಮನಿಗೆ ಇನ್ನೂ ಹೇಳಿಲ್ಲ.

ಕೊರೊನಾ ಕಾಲದಲ್ಲಿ ಇಲ್ಲಿನವರಿಗೆಲ್ಲ ಒಟ್ಟಿಗೇ ಕಾಡು ನೆನಪಾಯಿತು. 2021ರ ಒಂದೇ ವರ್ಷದಲ್ಲಿ ಟ್ರೇಲರ್, ತಾನೇ ಓಡುವ ಮನೆಗಾಡಿಯಾದ ಮೋಟರ್‌ಹೋಮ್ ಎಲ್ಲ ಸೇರಿ ಆರು ಲಕ್ಷಕ್ಕೂ ಹೆಚ್ಚು ಗಾಡಿಗಳು ಕಾರ್ಖಾನೆಗಳಿಂದ ಹೊರಬಿದ್ದವು. ಹೆಚ್ಚಿನವು ಬಂದಿದ್ದು ಇಂಡಿಯಾನಾದ ಎಲ್ಕ್‌ಹಾರ್ಟ್ ಅನ್ನುವ ಊರಿನ ಸುತ್ತಮುತ್ತಲಿಂದ. ಹೊಸದಕ್ಕೆ ದುಡ್ಡು ಸಾಲದವರು ಹಳೆಯದರ ಹಿಂದೆ ಬಿದ್ದರು. ಅವರಲ್ಲಿ ನಾವೂ ಇದ್ದೆವು. ನಾರ್ತ್ ಕ್ಯಾರೊಲಿನಾದ ಒಬ್ಬ ರೈತನ ಕೊಟ್ಟಿಗೆಯಲ್ಲಿ ನಿಂತಿದ್ದ 16 ಅಡಿಯ ಗಾಡಿ ನಮ್ಮ ಪಾಲಿಗೆ ಬಂತು. ನನಗಿಂತ ಆರು ವರ್ಷ ದೊಡ್ಡದು.

ಮೊದಲ ದಿನವೇ ಹಿಂದಿನ ಕಿಟಕಿಯ ಕೆಳಗೆ ಗೋಡೆಯನ್ನು ಬೆರಳಿನಿಂದ ಒತ್ತಿ ನೋಡಿದೆ. ಬಿಸಿ ಇಡ್ಲಿಯೊಳಗೆ ಹೋದ ಹಾಗೆ ಬೆರಳು ಒಳಗೆ ಹೋಯಿತು. ತಿಳಿದವರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: ಹಳೇ ಟ್ರೇಲರ್‌ಗೆ ನೀರೇ ಶತ್ರು. ಮೇಲಿನ ಅಂಚುಪಟ್ಟಿ ಬಿಚ್ಚಿ, ಒಣಗಿ ಬಿರಿದ ಅಂಟು ಕೆರೆದು, ನೀರು ತಡೆಯುವ ಹೊಸ ಬ್ಯುಟೈಲ್ ಟೇಪ್ ಹಾಕಿ, ಕೊಳೆತ ರೀಪರ್ ಕಿತ್ತು ಹೊಸದು ಕೂರಿಸಿ. ಬಣ್ಣದ ಮಾತು ಆಮೇಲೆ.

ಮಾತೇನೋ ಸರಿಯಾಗಿತ್ತು. ಒಂದೇ ತೊಂದರೆ. ಇಷ್ಟೆಲ್ಲ ಮಾಡಿದರೂ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಸೋರದ ಸೂರಿನ ಫೋಟೋ ಯಾರಾದರೂ ಲೈಕ್ ಮಾಡಿದ್ದು ನೀವು ನೋಡಿದ್ದೀರಾ?

ಆದ್ದರಿಂದ ನಾವು ಆ ಗೋಡೆಗೆ ಸ್ಟಿಕರ್ ವಾಲ್‌ಪೇಪರ್ ಅಂಟಿಸಿದೆವು. ಬಾಳೆಲೆ ಚಿತ್ರದ್ದು. ಕಾಡಿಗೆ ಹೋಗುವ ಗಾಡಿಯೊಳಗೆ ಕಾಡಿನ ಚಿತ್ರ ಇರಬೇಕಂತೆ, ಇಲ್ಲದಿದ್ದರೆ ಪ್ರಕೃತಿಯ ಜೊತೆ ಸಂಬಂಧ ಕಡಿದುಹೋಗುತ್ತದಂತೆ. ಹಾಸನದಿಂದ ಆರು ತಿಂಗಳಿಗೆ ಅಂತ ಬಂದಿದ್ದ ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಬಾಳೆಲೆ ಗೋಡೆಗೆ ಅಂಟಿಸಿ, ಪೇಪರ್ ತಟ್ಟೇಲಿ ಊಟ ಮಾಡ್ತೀರಲ್ಲೋ" ಅಂದರು.

ಉಳಿದದ್ದೆಲ್ಲ ಬಿಳಿ. ಇದು ಈಗಿನ ಕಟ್ಟಳೆ. ಆ ಕಾಲದ ಟ್ರೇಲರ್‌ಗಳ ಒಳಗೆ ಬರ್ಚ್ ಮರದ ತೆಳು ಪ್ಲೈವುಡ್ ಹಾಕಿ ವಾರ್ನಿಷ್ ಹೊಡೆಯುತ್ತಿದ್ದರು. ಜೇನಿನ ಬಣ್ಣ. ಒಳಗೆ ಕೂತರೆ ಹಳೇ ಪಿಟೀಲಿನ ಹೊಟ್ಟೆಯಲ್ಲಿ ಕೂತ ಹಾಗೆ ಇರುತ್ತಿತ್ತು. ಅದರ ಮೇಲೆ ಎರಡು ಕೋಟು ಬಿಳಿ ಬಳಿದು, ಅದರ ಮೇಲೆ 'ಹಳೇ ಮರದ ಹಾಗೆ ಕಾಣುವ' ಹಲಗೆ ಜಡಿಯುವುದು ಈಗಿನ ರೂಢಿ. ಅಸಲಿ ಮರ ಮುಚ್ಚಿ ನಕಲಿ ಮರ ತರಲು ನಮಗೆ ಹಿಡಿದದ್ದು ಮೂರು ವಾರಾಂತ್ಯ.

ಆಮೇಲೆ ತೂಗುದೀಪ. ಆಮೇಲೆ ಹಳ್ಳಿಮನೆಯದ್ದು ಅಂತ ಹೇಳಿಕೊಳ್ಳುವ ಪಿಂಗಾಣಿ ಸಿಂಕು. ನಮ್ಮ ಹಳ್ಳಿಮನೆಯಲ್ಲಿ ಬಚ್ಚಲ ಕಲ್ಲು ಬಿಟ್ಟು ಬೇರೆ ಸಿಂಕನ್ನು ನಾನಂತೂ ಕಂಡಿಲ್ಲ. ಅದು ಯಾವ ಹಳ್ಳಿಯೋ! ಆಮೇಲೆ ಗೋಡೆಗೆ ಬೋರ್ಡುಗಳು. ಒಂದರಲ್ಲಿ 'ಹ್ಯಾಪಿ ಕ್ಯಾಂಪರ್'. ಇನ್ನೊಂದರಲ್ಲಿ 'ಎಲ್ಲಿ ನಿಲ್ಲಿಸಿದರೆ ಅಲ್ಲೇ ಮನೆ' ಅನ್ನುವ ಅರ್ಥದ ಇಂಗ್ಲಿಷ್ ಸಾಲು. ಮನೆ ಬಿಟ್ಟು ಹೋಗೋಣ ಅಂತಲೇ ಅಲ್ವಾ ನಾವು ಇದನ್ನು ಕೊಂಡಿದ್ದು?

ಒಳಗೆ ಅಡುಗೆ ನಿಂತುಹೋಯಿತು. ಬಿಳಿ ಕಟ್ಟೆ, ಬಿಳಿ ಗೋಡೆ, ಬಿಳಿ ಪರದೆ. ಅರಿಶಿನದ ಡಬ್ಬಿಯನ್ನು ಗಡಿಪಾರು ಮಾಡಲಾಯಿತು. "ರೀ, ಒಗ್ಗರಣೆ ಬೇಕಿದ್ದರೆ ಹೊರಗೆ ಹಾಕ್ಕೊಳ್ಳಿ" ಅಂತ ನನ್ನ ಹೆಂಡತಿ ಮೊದಲೇ ಹೇಳಿಬಿಟ್ಟಳು. ಹಾಗಾಗಿ ಸ್ಪೆಶಲ್ ಆಗಿ ಮಾಡಿಸಿದ ಅಡುಗೆಮನೆಯನ್ನು ಒಳಗೆ ಬಿಟ್ಟು, ಹೊರಗೆ ಮಳೆಬಿಸಿಲಿನಲ್ಲಿ ಒಂದು ಸಣ್ಣ ಗ್ಯಾಸ್ ಸ್ಟೌ ಇಟ್ಟುಕೊಂಡೆವು.

ಎಲ್ಲ ಮುಗಿದ ಮೇಲೆ ಹೆದ್ದಾರಿಯ ಟ್ರಕ್ ಸ್ಟಾಪಿಗೆ ಹೋಗಿ ತೂಕ ಹಾಕಿಸಿದೆ. ಮಂಡ್ಯದ ಕಡೆ ಕಬ್ಬಿನ ಲಾರಿ ತೂಗುವ ಹಾಗೇ ಇಲ್ಲೂ ವೇಬ್ರಿಡ್ಜ್ ಇರುತ್ತದೆ. ನಮ್ಮ ಮಿನಿವ್ಯಾನ್ ಎಳೆಯಬಹುದಾದದ್ದು ಹೆಚ್ಚೆಂದರೆ 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ. ನಮ್ಮ ಟ್ರೇಲರ್ ತೂಗಿದ್ದು 3,740 ಪೌಂಡ್. ಅದೂ ನೀರಿಲ್ಲದೆ, ಅಕ್ಕಿಬೇಳೆ ಇಲ್ಲದೆ, ಅಮ್ಮನ ಉಪ್ಪಿನಕಾಯಿ ಜಾಡಿ ಇಲ್ಲದೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದನ್ನು ರಸೀದಿಯ ಮೇಲೆ ಅಚ್ಚು ಹಾಕಿ ಕೊಟ್ಟಿದ್ದು ನಾನು ನೋಡಿದ್ದು ಅದೇ ಮೊದಲು.

ಸರಿ, ಏನು ಇಳಿಸೋದು? ಒಂದು ಗ್ಯಾಲನ್ ನೀರು 8.3 ಪೌಂಡ್ ಭಾರ. ನೀರು ಒಯ್ಯೋದು ಬೇಡ ಅಂತಾಯಿತು. ಟೂಲ್ ಬಾಕ್ಸ್ ಇಳಿಯಿತು. ಎರಡು ಬ್ಯಾಟರಿಯಲ್ಲಿ ಒಂದು ಇಳಿಯಿತು. ಕೊನೆಗೆ, ಪ್ರಯಾಣಕ್ಕೆ ಬೇಕಾದದ್ದೆಲ್ಲ ಗ್ಯಾರೇಜಿನಲ್ಲಿ, ಬೇಡವಾದದ್ದೆಲ್ಲ ಗಾಡಿಯಲ್ಲಿ.

ಇಲ್ಲಿಯವರೆಗಿನದು ನಮ್ಮ ಹುಚ್ಚು, ಒಪ್ಪಿದೆ. ಇನ್ನು ಮುಂದಿನದು ಊರಿನ ಹುಚ್ಚು. ಇಂಥ ಗಾಡಿಯನ್ನು ನಮ್ಮ ಮನೆ ಮುಂದೆ ನಮ್ಮದೇ ಜಾಗದಲ್ಲಿ ನಿಲ್ಲಿಸಲು ಕಾಲೊನಿ ಸಂಘ ಬಿಡುವುದಿಲ್ಲ. ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಇದೇ ನಿಯಮ. ಎರಡು ದಿನ ದಾಟಿದರೆ ಕಾಗದ ಬರುತ್ತದೆ, ಆಮೇಲೆ ದಂಡ. ಹಾಗಾಗಿ ಊರಾಚೆ ತಂತಿಬೇಲಿಯ ಬಯಲಿನಲ್ಲಿ ತಿಂಗಳ ಬಾಡಿಗೆ ಕೊಟ್ಟು ನಿಲ್ಲಿಸಿದ್ದೇವೆ. ಎಲ್ಲಿ ನಿಲ್ಲಿಸಿದರೆ ಅಲ್ಲೇ ಮನೆ. ನಮ್ಮ ಮನೆ ಮುಂದೆ ಒಂದು ಬಿಟ್ಟು.

ಟ್ರೇಲರ್ ನಿಲ್ಲಿಸಿ ತಂಗಲು ಜಾಗ ಕೊಡುವ ಸರ್ಕಾರಿ ಪಾರ್ಕಿನವರು ಗಾಡಿಯ ವಯಸ್ಸು ಕೇಳುವುದಿಲ್ಲ. ಆದರೆ ಹೆಸರಾದ ಕಡೆ ಆರು ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತದೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಎಲ್ಲ ಭರ್ತಿ. ಖಾಸಗಿ ಪಾರ್ಕುಗಳಲ್ಲಿ ಎಷ್ಟೋ ಕಡೆ 'ಹತ್ತು ವರ್ಷದ ನಿಯಮ' ಇದೆ. ಹತ್ತು ವರ್ಷಕ್ಕಿಂತ ಹಳೇ ಗಾಡಿಗೆ ಪ್ರವೇಶವಿಲ್ಲ. ಹಳೆಯದನ್ನು ಚೆಂದವಾಗಿ ಇಟ್ಟುಕೊಂಡಿದ್ದರೆ ಫೋಟೋ ಕಳಿಸಿ, ನೋಡಿ ಹೇಳುತ್ತೇವೆ ಅನ್ನುತ್ತಾರೆ. ಮುಂದಿನದು ಒಂದು, ಪಕ್ಕದ್ದು ಒಂದು, ಒಳಗಿನವು ಎರಡು. ಥೇಟ್ ಗಂಡಿನ ಕಡೆಯವರು. ನಾವು ತೂಗುದೀಪ ಹಚ್ಚಿ, ದಿಂಬುಗಳಿಗೆ ಏಟು ಕೊಟ್ಟು, ಕಿಟಕಿಗೆ ಹೂವಿಟ್ಟು ಫೋಟೋ ತೆಗೆದು ಕಳಿಸಿದೆವು. ಒಂದು ಪಾರ್ಕಿನವರಿಂದ ಒಪ್ಪಿಗೆ ಬಂತು. ಬ್ರೇಕ್ ಹಿಡಿಯುತ್ತಾ, ಸೂರು ಸೋರುತ್ತಾ ಅಂತ ಒಬ್ಬರೂ ಕೇಳಲಿಲ್ಲ.

ಅದೇ ನಿಯಮ ಇನ್ನೊಬ್ಬರ ಮೇಲೆ ಹೇಗೆ ಬೀಳುತ್ತದೆ ಅಂತ ಯೋಚಿಸಿ. ಬಾಡಿಗೆ ಕಟ್ಟಲಾರದೆ ಅದೇ ವಯಸ್ಸಿನ, ಅದೇ ಅಳತೆಯ ಡಬ್ಬಿಯಲ್ಲಿ ಬದುಕುವ ಜನ ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ಅವರ ಗಾಡಿಯಲ್ಲಿ ತೂಗುದೀಪ ಇರುವುದಿಲ್ಲ, ಮಕ್ಕಳ ಬಟ್ಟೆ ತೂಗುತ್ತಿರುತ್ತದೆ. ಅವರಿಗೆ ಜಾಗ ಇಲ್ಲ. ಅವರು ಇರುವ ಕಡೆಗೆ ಟ್ರೇಲರ್ ಪಾರ್ಕ್ ಅಂತ ಹೆಸರು, ಅದು ಬೈಗುಳ. ನಾವು ಮಾಡುವುದಕ್ಕೆ 'ಸರಳ ಜೀವನ' ಅಂತ ಹೆಸರು, ಅದು ಫ್ಯಾಶನ್. 2005ರ ಕತ್ರೀನಾ ಚಂಡಮಾರುತದ ನಂತರ ಮನೆ ಕಳೆದುಕೊಂಡ ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಸರ್ಕಾರ ಟ್ರೇಲರ್ ಮತ್ತು ಮೊಬೈಲ್ ಮನೆ ಕೊಟ್ಟಿತು. ಒಳಗಿನ ಅಗ್ಗದ ಹಲಗೆಗಳಿಂದ ಬರುವ ಫಾರ್ಮಾಲ್ಡಿಹೈಡ್‌ಗೆ ಜನರ ಕಣ್ಣು ಉರಿಯಿತು, ಉಸಿರು ಕಟ್ಟಿತು. ಸರ್ಕಾರದ ಪರೀಕ್ಷೆಯಲ್ಲಿ ಅದು ರುಜುವಾಗಿ ಹೊರಬೀಳಲು 2008 ಆಗಬೇಕಾಯಿತು. ಅವರ ಗೋಡೆ ಯಾತರದ್ದು ಅಂತ ಕೇಳಲು ಮೂರು ವರ್ಷ. ನಮ್ಮ ಗೋಡೆ ಯಾವ ಬಿಳಿ ಅಂತ ಕೇಳಲು ಮೂರು ನಿಮಿಷ.

ವರ್ಜೀನಿಯಾದ ಮ್ಯೂಸಿಯಂನಲ್ಲಿ ಒಂದು ಟ್ರೇಲರ್ ಇದೆ. ಏರ್‌ಸ್ಟ್ರೀಮ್ ಅನ್ನುವ ಕಂಪನಿಯ ಗಾಡಿಯನ್ನೇ ಮಾರ್ಪಡಿಸಿದ್ದು, 35 ಅಡಿ ಉದ್ದ. 1969ರ ಜುಲೈನಲ್ಲಿ ಚಂದ್ರನಿಂದ ಬಂದ ಮೂವರನ್ನೂ, ಜೊತೆಗೆ ಒಬ್ಬ ಡಾಕ್ಟರನ್ನೂ ಒಬ್ಬ ಎಂಜಿನಿಯರನ್ನೂ ಅದರೊಳಗೆ ಕೂಡಿಹಾಕಿದ್ದರು, ಚಂದ್ರನ ರೋಗಾಣು ಅಂಟಿಕೊಂಡಿದ್ದರೆ ಅಂತ. ಅಧ್ಯಕ್ಷ ನಿಕ್ಸನ್ ಕಿಟಕಿಯ ಹೊರಗೆ ನಿಂತು ಮಾತಾಡಿಸಿ ಹೋದರು. ನಾನು ಸುತ್ತ ಎರಡು ಸಲ ತಿರುಗಿ ನೋಡಿದೆ. 'ಹ್ಯಾಪಿ ಕ್ಯಾಂಪರ್' ಬೋರ್ಡ್ ಎಲ್ಲೂ ಕಾಣಲಿಲ್ಲ.

ಕೊನೆಗೂ ಹೋದೆವು. ಬ್ಲೂ ರಿಜ್ ಬೆಟ್ಟಗಳ ಬುಡದ ಪಾರ್ಕು. ಏರಿನಲ್ಲಿ ವ್ಯಾನು ಹೆರಿಗೆ ನೋವಿನ ಎಮ್ಮೆಯ ಹಾಗೆ ನರಳಿತು. ತಲುಪುವಷ್ಟರಲ್ಲಿ ಸಿಂಕಿನ ಹಿಂದಿನ ಟೈಲ್ಸ್ ನಾಲ್ಕು ಉದುರಿದ್ದವು. ಓಡುವ ಗಾಡಿಯ ಒಳಗೆ ದಾರಿಯುದ್ದಕ್ಕೂ ಭೂಕಂಪ ಅನ್ನುವುದು ಅಂಗಡಿಯವನಿಗೆ ಗೊತ್ತಿತ್ತೋ ಏನೋ, ನಮಗೆ ಗೊತ್ತಿರಲಿಲ್ಲ. ರಾತ್ರಿ ಹೊರಗೆ ಕೂತು ಚಿತ್ರಾನ್ನ ತಿಂದೆವು. ದಿಂಬುಗಳು ವ್ಯಾನಿಗೆ ಹೋದವು. ನಾವು ಮಲಗಿದೆವು.

ಎರಡು ಗಂಟೆಗೆ ಮಳೆ ಬಂತು. ಅಮ್ಮ ಎಬ್ಬಿಸಿದರು. "ಲೋ, ಬಾಳೆಲೆ ಉಬ್ತಾ ಇದೆ ನೋಡೋ."

ಟಾರ್ಚ್ ಬಿಟ್ಟು ನೋಡಿದೆ. ನಿಜ. ಕಿಟಕಿಯ ಕೆಳಗಿನ ವಾಲ್‌ಪೇಪರ್ ಬಾಣಲೆಯಲ್ಲಿ ಪೂರಿ ಉಬ್ಬಿದ ಹಾಗೆ ಉಬ್ಬುತ್ತಿತ್ತು. ನನ್ನ ಹೆಂಡತಿ "ಮುಟ್ಬೇಡಿ" ಅಂದಳು. ನಾನು ಮುಟ್ಟಿದೆ. ಅರ್ಧ ಬಕೆಟ್ ನೀರು ಹಾಸಿಗೆ ಮೇಲೆ ಬಂತು. ಒರೆಸಲು ಬಟ್ಟೆ ಹುಡುಕಿದರೆ, ಅದನ್ನು ಭಾರ ಅಂತ ಗ್ಯಾರೇಜಿನಲ್ಲೇ ಇಳಿಸಿದ್ದೆವು. ಅಮ್ಮ ಸೆರಗು ತಲೆಗೆ ಹೊದ್ದು ವ್ಯಾನಿಗೆ ಹೋಗಿ, ದಿಂಬುಗಳನ್ನು ತಂದು ಒಂದೊಂದಾಗಿ ಗೋಡೆಗೆ ಒತ್ತಿ ಇಟ್ಟರು. ಚೆನ್ನಾಗಿಯೇ ಹೀರಿದವು. ಹನ್ನೊಂದೂ ಬೇಕಾದವು.

ಬೆಳಿಗ್ಗೆ ಎರಡು ಮರದ ನಡುವೆ ಹಗ್ಗ ಕಟ್ಟಿ ದಿಂಬುಗಳನ್ನು ಒಣಗಲು ಹಾಕಿದೆವು. ಪಕ್ಕದ ಗಾಡಿಯ ಹೆಂಗಸು ಕಾಫಿ ಕಪ್ ಹಿಡಿದುಕೊಂಡು ಬಂದು, ಹಗ್ಗದ ಫೋಟೋ ತೆಗೆದುಕೊಂಡು, ತುಂಬ ಚೆನ್ನಾಗಿದೆ, ಈ ಐಡಿಯಾ ಎಲ್ಲಿ ನೋಡಿದಿರಿ ಅಂತ ಕೇಳಿದಳು.