ಮೊದಲು ಡೋರ್ ಬಿಚ್ಚಿ ನೋಡಿ

ಕಾರ್ ಸ್ಟೀರಿಯೋ ಬಗ್ಗೆ ನಿಮ್ಮ ಲೇಖನದಲ್ಲಿ "ಕಂಪನಿ ಸ್ಟೀರಿಯೋ ತೆಗೆದು ನಾಲ್ಕೂ ಸ್ಪೀಕರಿಗೆ ತಲಾ 50 ವ್ಯಾಟ್ ಕೊಡುವ ಹೊಸದು ಹಾಕಿ, ಸೌಂಡ್ ಬದಲಾಗುತ್ತದೆ" ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ 50 ಪೀಕ್ ಲೆಕ್ಕ, ಅಂದರೆ ಕ್ಷಣಮಾತ್ರ ಸಿಗುವ ಗರಿಷ್ಠ ಪವರ್. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಪವರ್) ಎಷ್ಟು ಅಂತ ನೋಡಿ, ಹೆಚ್ಚಾಗಿ 20ರ ಆಸುಪಾಸು ಇರುತ್ತದೆ. ಕಂಪನಿಯದಕ್ಕಿಂತ ಅಂಥ ಜಾಸ್ತಿ ಏನಲ್ಲ.

ನಾನೂ ಮೊದಲು ಅದನ್ನೇ ಮಾಡಿದ್ದೆ. ಸ್ಕ್ರೀನ್ ಚೆನ್ನಾಗಿತ್ತು, ಹಾಡು ಮಾತ್ರ ಹಳೇ ಥರಾನೇ ಕೇಳಿಸುತ್ತಿತ್ತು. ಡೋರ್ ಪ್ಯಾಡ್ ಬಿಚ್ಚಿದಾಗ ಕಾರಣ ಗೊತ್ತಾಯಿತು. ಕಂಪನಿ ಸ್ಪೀಕರಿಗೆ ತೆಳುವಾದ ಪೇಪರ್ ಕೋನ್ (ಅದುರಿ ಸದ್ದು ಮಾಡುವ ಭಾಗ), ಹಿಂದೆ ಬಾಟಲಿ ಮುಚ್ಚಳದಷ್ಟು ಮ್ಯಾಗ್ನೆಟ್. ಪಕ್ಕದ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತು, ಅದರ ಮೇಲೆ ಬರೀ ಪ್ಲಾಸ್ಟಿಕ್ ಹಾಳೆ. ಕೋನ್ ಹಿಂದಿನ ಸದ್ದು ಆ ತೂತಿನಿಂದ ಮುಂದೆ ಬಂದು ಬಾಸ್ ಅನ್ನೇ ನುಂಗಿಹಾಕುತ್ತದೆ. ಒಳ್ಳೆ ಸ್ಪೀಕರ್ ಹಾಕಿ, ಆ ತೂತುಗಳನ್ನು ಬ್ಯುಟೈಲ್ ಡ್ಯಾಂಪಿಂಗ್ ಶೀಟ್‌ನಿಂದ (ತಗಡಿನ ಅದುರುವಿಕೆ ತಗ್ಗಿಸುವ, ಅಂಟುವ ರಬ್ಬರ್ ಹಾಳೆ) ಮುಚ್ಚಿದೆ. (ಡೋರ್ ತಳದಲ್ಲಿ ನೀರು ಹೋಗುವ ತೂತು ಮಾತ್ರ ಮುಚ್ಚಬೇಡಿ, ತುಕ್ಕು ಹಿಡಿಯುತ್ತದೆ.) ಡೋರ್ ಹಾಕುವ ಸದ್ದೇ ಬೇರೆಯಾಯಿತು. ಎಷ್ಟೋ ಸಲ ಕೇಳಿದ ಹಾಡಿನಲ್ಲಿ ತಬಲಾದ ಡಗ್ಗಾ ಅವತ್ತು ಸ್ಪಷ್ಟವಾಗಿ ಕೇಳಿಸಿತು!

ಇನ್ನೊಂದು ಮಾತು. ಸ್ಟೀರಿಯೋ ಜೋಡಿಸಲು ಕಾರಿನ ವೈರ್ ಕತ್ತರಿಸಿ ಟೇಪ್ ಸುತ್ತಿ ಅನ್ನುವ ನಿಮ್ಮ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ಕಾರಿಗೆ ಹೊಂದುವ ಹಾರ್ನೆಸ್ ಅಡಾಪ್ಟರ್ (ವೈರ್ ಕತ್ತರಿಸದೆ ಎರಡೂ ಕಡೆ ಸಿಕ್ಕಿಸುವ ಕನೆಕ್ಟರ್) ಸಿಗುತ್ತದೆ ಅಲ್ವಾ? ಕಾರು ಮಾರುವಾಗ ಹಳೇ ಸ್ಟೀರಿಯೋವನ್ನು ಸುಮ್ನೆ ಸಿಕ್ಕಿಸಿದರೆ ಆಯಿತು. ಹೊಸ ಸ್ಟೀರಿಯೋದ ಹಳದಿ ವೈರಿಗೆ ಸದಾ 12 ವೋಲ್ಟ್ ಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಇವೆರಡು ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ.