ಗೋಡೆ ಕಟ್ಟಿದ್ದು ಮಕ್ಕಳ ಒಳ್ಳೇದಕ್ಕಂತೆ!

2017ರ ಸೆಪ್ಟೆಂಬರ್‌ನಲ್ಲಿ ಕೆಲವೇ ಗಂಟೆ ಪ್ರಪಂಚ ಸರಿಯಾಗಿತ್ತು. ಸೋನಿಯವರ ಪ್ಲೇಸ್ಟೇಷನ್ 4 (ಪಿಎಸ್4) ಅನ್ನೋ ಕನ್ಸೋಲ್‌ನಲ್ಲಿ, ಅಂದ್ರೆ ಟಿವಿಗೆ ಹಾಕ್ಕೊಂಡು ಗೇಮ್ ಆಡೋ ಡಬ್ಬದಲ್ಲಿ, ಫೋರ್ಟ್‌ನೈಟ್ ಅನ್ನೋ ಗುಂಡು ಹಾರಿಸೋ ಆಟ ಆಡ್ತಿದ್ದ ಹುಡುಗ್ರಿಗೆ ಎದುರಾಳಿ ಹೆಸರಲ್ಲಿ ಏನೋ ವಿಚಿತ್ರ ಕಾಣಿಸ್ತು, ಎರಡು ಪದದ ಮಧ್ಯೆ ಖಾಲಿ ಜಾಗ. ಪ್ಲೇಸ್ಟೇಷನ್ ಐಡಿಯಲ್ಲಿ ಸ್ಪೇಸ್ ಬಿಡೋಕೇ ಆಗಲ್ಲ, ಅದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕನ್ಸೋಲ್‌ನವರ ಶೋಕಿ. ಅಂದ್ರೆ ಆ ಕಡೆಯಿಂದ ಗುಂಡು ಹಾರಿಸ್ತಿರೋನು ಎಕ್ಸ್‌ಬಾಕ್ಸ್‌ನವನು! ಬೇರೆ ಬೇರೆ ಕಂಪನಿ ಮಷಿನ್‌ನವರು ಒಟ್ಟಿಗೆ ಆಡೋದು, ಅಂದ್ರೆ ಕ್ರಾಸ್‌ಪ್ಲೇ, ವರ್ಷಗಟ್ಲೆ ಆಗಲ್ಲ ಆಗಲ್ಲ ಅಂತಿದ್ದ ಆ ಕೆಲಸ ಯಾರಿಗೂ ಹೇಳದೆ ಕೇಳದೆ ತಾನಾಗೇ ಆಗೋಗಿತ್ತು. ಯಾರ ಟಿವಿನೂ ಸಿಡೀಲಿಲ್ಲ, ಯಾರ ಮನೆ ಮಕ್ಕಳೂ ಕೆಟ್ಟೋಗ್ಲಿಲ್ಲ. ಆಟ ಮಾಡಿದ ಎಪಿಕ್ ಗೇಮ್ಸ್‌ನವರು ಎದ್ದೋ ಬಿದ್ದೋ ಓಡಿಬಂದು ಬಾಗ್ಲು ಹಾಕಿ, ಕಾನ್ಫಿಗರೇಶನ್‌ನಲ್ಲಿ ತಪ್ಪಾಗಿತ್ತು, ಈಗ ಸರಿಮಾಡಿದೀವಿ ಅಂದ್ರು. ಸರಿಮಾಡಿದ್ರಂತೆ! ಇಬ್ರು ಒಟ್ಟಿಗೆ ಆಡಿದ್ರೆ ತಪ್ಪು, ಆಡದೇ ಇದ್ರೆ ಸರಿ.

ಗೇಮ್ ಆಡದೇ ಇರೋರಿಗೆ ಒಂದ್ಸಲ ಹೇಳ್ಬಿಡ್ತೀನಿ. ಆಟ ಒಂದೇ, ಮಾಡಿದ ಕಂಪನಿ ಒಂದೇ, ಮ್ಯಾಪು ಬಂದೂಕು ಎಲ್ಲಾ ಒಂದೇ, ಆದ್ರೆ ಡಲ್ಲಾಸ್‌ನಲ್ಲಿರೋ ಅಕ್ಕನ ಮಗನ ಹತ್ರ ಎಕ್ಸ್‌ಬಾಕ್ಸ್, ಇಲ್ಲಿ ವಿಜಯನಗರದಲ್ಲಿರೋ ತಮ್ಮನ ಮಗನ ಹತ್ರ ಪಿಎಸ್4 ಇದ್ರೆ ಆಗ ಇಬ್ರೂ ಸೇರಿ ಆಡೋ ಹಾಗಿರಲಿಲ್ಲ, ವಾಟ್ಸಾಪ್‌ನಲ್ಲಿ ವಿಡಿಯೋ ಕಾಲ್ ಮಾಡ್ಕೊಂಡು ನೀನೆಷ್ಟು ಹೊಡ್ದೆ ನಾನೆಷ್ಟು ಹೊಡ್ದೆ ಅಂತ ಲೆಕ್ಕ ಹೇಳ್ಕೋಬೇಕಿತ್ತು ಅಷ್ಟೇ. ಇನ್ನೂ ತಮಾಷೆ ಅಂದ್ರೆ ಪಿಎಸ್4ನವನು ಕಂಪ್ಯೂಟರ್‌ನವನ ಜೊತೆ ಆಡಬಹುದಿತ್ತು, ಎಕ್ಸ್‌ಬಾಕ್ಸ್‌ನವನೂ ಕಂಪ್ಯೂಟರ್‌ನವನ ಜೊತೆ ಆಡಬಹುದಿತ್ತು, ಇವರಿಬ್ರೇ ಒಬ್ರಿಗೊಬ್ರು ಮುಖ ನೋಡೋ ಹಾಗಿರಲಿಲ್ಲ.

ಟೆಕ್ನಾಲಜಿ ಕಷ್ಟ ಇರಬೇಕು ಪಾಪ ಅಂತ ಅನ್ಕೊಂಡ್ರೆ, ಇಲ್ಲ. 2000ನೇ ಇಸವಿಯಲ್ಲೇ ಸೆಗಾದವರ ಡ್ರೀಮ್‌ಕಾಸ್ಟ್ ಕನ್ಸೋಲ್‌ನಲ್ಲಿ ಕ್ವೇಕ್ 3 ಹಾಕ್ಕೊಂಡು, ಫೋನ್ ಲೈನಿನ ಮೋಡೆಮ್‌ನಲ್ಲಿ ಕಂಪ್ಯೂಟರ್‌ನವರ ಜೊತೆ ಹೊಡೆದಾಡ್ತಿದ್ರು. 2002ರಲ್ಲಿ ಬಂದ ಫೈನಲ್ ಫ್ಯಾಂಟಸಿ 11 ಸೋನಿಯವರದ್ದೇ ಪಿಎಸ್2ನಲ್ಲಿ ಇತ್ತು, ಕಂಪ್ಯೂಟರ್‌ನಲ್ಲೂ ಇತ್ತು, 2006ರಲ್ಲಿ ಎಕ್ಸ್‌ಬಾಕ್ಸ್ 360ಗೂ ಬಂತು, ಮೂರೂ ಕಡೆಯವರು ಒಂದೇ ಲೋಕದಲ್ಲಿ ಓಡಾಡ್ಕೊಂಡಿದ್ರು, ಯಾರೂ ಯಾರನ್ನೂ ನಿನ್ನ ಡಬ್ಬ ಯಾವ ಕಂಪನಿದು ಅಂತ ಕೇಳ್ತಿರಲಿಲ್ಲ. ದೇವರು ವರ ಕೊಟ್ಟು ಎಷ್ಟೋ ವರ್ಷ ಆಗಿತ್ತು, ಪೂಜಾರಿ ಕೊಡ್ಬೇಕಿತ್ತಷ್ಟೇ.

ಆ ಪೂಜಾರಿ ಪದವಿ ಕೂಡ ಒಬ್ರ ಹತ್ರನೇ ಇರಲಿಲ್ಲ ಅನ್ನೋದನ್ನ ಜನ ಮರೆತುಬಿಡ್ತಾರೆ. 360 ಕಾಲದಲ್ಲಿ ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಲೈವ್‌ದೇ ದರ್ಬಾರು, ಆಗ ಬಾಗ್ಲು ಹಾಕ್ಕೊಂಡಿದ್ದು ಅವರೇ. ಫೈನಲ್ ಫ್ಯಾಂಟಸಿ 14 ಪಿಎಸ್3ಗೆ ಬಂದು ಎಕ್ಸ್‌ಬಾಕ್ಸ್ 360ಗೆ ಬರದೇ ಹೋಗಿದ್ದು ಯಾಕೆ? ಬೇರೆ ಮಷಿನ್‌ನವರ ಜೊತೆ ಸೇರಿ ಆಡೋದು ನಮ್ಮ ನಿಯಮದಲ್ಲಿಲ್ಲ ಅಂತ ಮೈಕ್ರೋಸಾಫ್ಟ್ ಪಟ್ಟು ಹಿಡಿದಿದ್ದಕ್ಕೆ. ಆಮೇಲೆ ಎಕ್ಸ್‌ಬಾಕ್ಸ್ ಒನ್ ಬಂತು, ಪಿಎಸ್4 ಮುಂದೆ ಮಕಾಡೆ ಮಲಗ್ತು, 2016ರ ಮಾರ್ಚ್‌ನಲ್ಲಿ ನೋಡಿ, ಬನ್ನಿ ಬನ್ನಿ ಎಲ್ರೂ ಸೇರಿ ಆಡೋಣ, ರಾಕೆಟ್ ಲೀಗ್‌ನಿಂದ ಶುರು ಮಾಡೋಣ ಅಂತ ಬಾಗ್ಲು ತೆಗೆದು ನಿಂತಿದಾರೆ. ಗಲ್ಲಾ ಪೆಟ್ಟಿಗೆ ಹಗುರ ಆದಷ್ಟೂ ಹೃದಯ ವಿಶಾಲ ಆಗುತ್ತೆ. ಸೋನಿಯವರ ಗಲ್ಲಾ ಆಗ ತುಂಬಿ ತುಳುಕ್ತಿತ್ತು, ಹಾಗಾಗಿ ಅವರ ಹೃದಯಕ್ಕೆ ಟೈಮ್ ಇರಲಿಲ್ಲ.

2017ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಅನ್ನೋ ಗೇಮ್ ಮೇಳದಲ್ಲಿ ಮೈನ್‌ಕ್ರಾಫ್ಟ್ ಅನ್ನೋ ಆಟದವರು ಎಕ್ಸ್‌ಬಾಕ್ಸ್, ನಿಂಟೆಂಡೋ ಕಂಪನಿಯ ಸ್ವಿಚ್ ಕನ್ಸೋಲ್, ಮೊಬೈಲು, ಕಂಪ್ಯೂಟರ್ ಎಲ್ಲಾ ಒಟ್ಟಿಗೆ ಅಂತ ಘೋಷಣೆ ಮಾಡಿದ್ರು, ಸೋನಿಯವರು ಮಾತ್ರ ಇಲ್ಲ. ಯಾಕೆ ಸ್ವಾಮಿ ಅಂತ ಕೇಳಿದ್ದಕ್ಕೆ, ಆಗ ಪ್ಲೇಸ್ಟೇಷನ್ ಮಾರ್ಕೆಟಿಂಗ್ ನೋಡ್ಕೊಳ್ತಿದ್ದ ಜಿಮ್ ರಯಾನ್ ಅವರು ಕೊಟ್ಟ ಉತ್ತರದ ತಾತ್ಪರ್ಯ ಏನಪ್ಪ ಅಂದ್ರೆ, ಮೈನ್‌ಕ್ರಾಫ್ಟ್ ಆಡೋರಲ್ಲಿ ಚಿಕ್ಕ ಮಕ್ಕಳು ತುಂಬಾ ಜನ, ನಮ್ಮ ಜಗತ್ತಿನ ಒಳಗಿದ್ರೆ ನಾವು ನೋಡ್ಕೊಳ್ತೀವಿ, ಹೊರಗಡೆ ಏನು ತೋರಿಸ್ತಾರೋ ಹೆಂಗೆ ಹೇಳೋದು ಅಂತ. ಕಣ್ಣಲ್ಲಿ ನೀರು ಬಂತು ಮಾರಾಯ್ರೇ. ಮಕ್ಕಳಿಗೆ ಅಪಾಯ ಇರೋದು ನಿಂಟೆಂಡೋದವರಿಂದ ಅಂತೆ! ಮಾರಿಯೋ ಮಾಡಿದ ಕಂಪನಿ, ಎರಡು ಮಕ್ಕಳು ಆನ್‌ಲೈನ್‌ನಲ್ಲಿ ಹಲೋ ಅನ್ನೋಕೂ ಹನ್ನೆರಡು ಅಂಕಿಯ ಫ್ರೆಂಡ್ ಕೋಡ್ ಕೇಳೋ ಕಂಪನಿ, ಅವರು ದಾರಿ ತಪ್ಪಿಸ್ತಾರಂತೆ. ಅದೇ ಹೊತ್ತಲ್ಲಿ ಪಿಎಸ್4ನ ರಾಕೆಟ್ ಲೀಗ್ ಹುಡುಗ್ರನ್ನ ಕಂಪ್ಯೂಟರ್‌ನವರ ಜೊತೆ ಆಡೋಕೆ ಆರಾಮಾಗಿ ಬಿಟ್ಟಿದ್ರು, ಅಲ್ಲಿ ಯಾರು ಏನು ಟೈಪ್ ಮಾಡ್ತಾರೆ ಅಂತ ಆಡಿದೋರಿಗೇ ಗೊತ್ತು.

2018ರ ಜೂನ್‌ನಲ್ಲಿ ಫೋರ್ಟ್‌ನೈಟ್ ಸ್ವಿಚ್‌ಗೆ ಬಂದಾಗ ಈ ನಾಟಕಕ್ಕೆ ಅಸಲಿ ರಂಗು ಬಂತು. ಜನ ಖುಷಿಯಿಂದ ಡೌನ್‌ಲೋಡ್ ಮಾಡಿ, ತಮ್ಮ ಎಪಿಕ್ ಅಕೌಂಟ್ ಹಾಕಿದ್ರೆ ಸ್ಕ್ರೀನ್ ಮೇಲೆ ಒಂದು ನೋಟೀಸು. ಅದರ ಸಾರಾಂಶ: ನಿಮ್ಮ ಅಕೌಂಟಿಗೆ ಸಂಬಂಧ ಇರೋ ಒಂದು ಪ್ಲಾಟ್‌ಫಾರ್ಮ್ ಇದನ್ನ ಸ್ವಿಚ್‌ನಲ್ಲಿ ನಡೆಯೋಕೆ ಬಿಡ್ತಿಲ್ಲ, ನಮ್ಮ ವೆಬ್‌ಸೈಟೂ ಏನೂ ಮಾಡೋಕಾಗಲ್ಲ, ಕಸ್ಟಮರ್ ಕೇರೂ ಏನೂ ಮಾಡೋಕಾಗಲ್ಲ, ಹೊಸ ಅಕೌಂಟ್ ಮಾಡ್ಕೊಳ್ಳಿ. ತಾಲೂಕಾಫೀಸಿನ ಹಿಂಬರಹ ಓದಿ ಅಭ್ಯಾಸ ಇರೋರಿಗೂ ಇಷ್ಟು ಅಚ್ಚುಕಟ್ಟಾಗಿ ಕೈ ಎತ್ತಿದ್ದನ್ನ ನೋಡೋ ಭಾಗ್ಯ ಸಿಕ್ಕಿರಲ್ಲ. ಯಾವತ್ತೋ ಒಂದು ದಿನ ಪಿಎಸ್4ಗೆ ಲಿಂಕ್ ಮಾಡಿದ್ದ ಒಂದೇ ಪಾಪಕ್ಕೆ, ದುಡ್ಡು ಕೊಟ್ಟು ತಗೊಂಡ ಡ್ರೆಸ್ಸು, ಕುಣಿತ, ಗುದ್ದಲಿ ಎಲ್ಲಾ ಆ ಕಡೆನೇ ಉಳೀತು. ಎಕ್ಸ್‌ಬಾಕ್ಸ್‌ಗೆ ಲಿಂಕ್ ಮಾಡಿದ್ದೋರಿಗೆ ಏನೂ ತೊಂದ್ರೆ ಇಲ್ಲ. ಜನ ಬೈದ್ರು. ಅದಕ್ಕೆ ಸೋನಿಯವರು ಕೊಟ್ಟ ಹೇಳಿಕೆ ನೋಡ್ಬೇಕಿತ್ತು, ನಮ್ಮ ಪಿಎಸ್4 7.9 ಕೋಟಿ ಮಾರಾಟ ಆಗಿದೆ, ತಿಂಗಳಿಗೆ 8 ಕೋಟಿಗಿಂತ ಹೆಚ್ಚು ಜನ ನಮ್ಮ ನೆಟ್‌ವರ್ಕ್‌ನಲ್ಲಿದಾರೆ, ಪಿಸಿ ಜೊತೆ ಆಡಿ, ಮ್ಯಾಕ್ ಜೊತೆ ಆಡಿ, ಐಫೋನ್ ಜೊತೆ ಆಡಿ, ಆಂಡ್ರಾಯ್ಡ್ ಜೊತೆ ಆಡಿ. ಕೇಳಿದ್ದ ಎರಡು ಹೆಸರು ಬಿಟ್ಟು ಉಳಿದಿದ್ದೆಲ್ಲಾ ಹೇಳಿದ್ರು. ಅದೇ ಟೈಮಲ್ಲಿ ನಿಂಟೆಂಡೋ ಮತ್ತೆ ಎಕ್ಸ್‌ಬಾಕ್ಸ್ ಸೇರ್ಕೊಂಡು, ಒಟ್ಟಿಗೆ ಕಟ್ಟೋಣ ಒಟ್ಟಿಗೆ ಆಡೋಣ ಅಂತ ಮೈನ್‌ಕ್ರಾಫ್ಟ್ ಜಾಹೀರಾತು ಬಿಟ್ಟು ಗಾಯಕ್ಕೆ ಉಪ್ಪು ಸವರಿದ್ರು.

ಕಂಪನಿಗಳು ದುಡ್ಡಿಗಾಗಿ ಮಾಡಿದ್ವು, ಅದು ಅವುಗಳ ಜಾತಕ, ಬಿಡಿ. ನನಗೆ ಅರ್ಥ ಆಗದೇ ಇರೋದು ನಮ್ಮ ಅಭಿಮಾನಿ ದೇವರುಗಳು. ಸೋನಿ ಯಾಕೆ ಬಿಡಬೇಕು, ಗೆದ್ದೋರು ಯಾಕೆ ಬಗ್ಗಬೇಕು, ಎಕ್ಸ್‌ಬಾಕ್ಸ್ ಬೇಕಾದ್ರೆ ಎಕ್ಸ್‌ಬಾಕ್ಸ್ ತಗೊಳ್ಳಿ ಅಂತ ರಾತ್ರಿಯೆಲ್ಲಾ ಎದ್ದು ಕೂತು ವಾದ ಮಾಡಿದ್ರಲ್ಲ, ಅವರಿಗೆ ಸೋನಿಯವರು ಏನು ಷೇರು ಬರೆದುಕೊಟ್ಟಿದ್ರಾ? ಸ್ವಂತ ಸ್ನೇಹಿತನ ಜೊತೆ ಆಡೋಕೆ ತಾನೇ ಕಟ್ಟಿದ ದುಡ್ಡಿನ ಮಷಿನ್ ಬಿಡ್ತಿಲ್ಲ, ಅದನ್ನ ಸಮರ್ಥನೆ ಮಾಡ್ಕೊಳ್ಳೋಕೆ ಅದೇ ಸ್ನೇಹಿತನ ಜೊತೆ ಜಗಳ. ಕೇಳಿದ್ರೆ ಕನ್ಸೋಲ್ ವಾರ್ ಅಂತೆ, ಯುದ್ಧ ಅಂತೆ, ಸಂಬಳ ಇಲ್ಲದ ಸಿಪಾಯಿಗಳು ಇವರು.

ಕೊನೆಗೆ 2018ರ ಸೆಪ್ಟೆಂಬರ್ 26ಕ್ಕೆ ಸೋನಿ ಒಪ್ಕೊಂತು. ಒಪ್ಕೊಂಡಿದ್ದೂ ಸುಮ್ನೆ ಅಲ್ಲ, ಬೀಟಾ ಅಂತೆ, ಪ್ರಯೋಗ ಅಂತೆ. ಹಿಂದಿನ ವರ್ಷ ಯಾರೋ ಕೈತಪ್ಪಿ ಆನ್ ಮಾಡಿದಾಗ್ಲೇ ನೆಟ್ಟಗೆ ನಡೆದಿದ್ದನ್ನ ಚಂದ್ರಯಾನದ ಗಾಂಭೀರ್ಯದಲ್ಲಿ ಉಡಾವಣೆ ಮಾಡಿದ್ರು. ಇದೇ ಸೋನಿಯ ಆನ್‌ಲೈನ್ ಗೇಮ್ ವಿಭಾಗದಲ್ಲಿ ಹಿಂದೆ ಮುಖ್ಯಸ್ಥರಾಗಿದ್ದ ಜಾನ್ ಸ್ಮೆಡ್ಲಿ ಅವರು ಅದಕ್ಕೆ ಮುಂಚೆನೇ ಟ್ವಿಟ್ಟರ್‌ನಲ್ಲಿ ಗುಟ್ಟು ಬಿಟ್ಟುಕೊಟ್ಟಿದ್ರು: ಒಳಗಡೆ ಹೇಳ್ತಿದ್ದ ಕಾರಣ ದುಡ್ಡು, ಎಕ್ಸ್‌ಬಾಕ್ಸ್‌ನಲ್ಲಿ ಕೊಂಡಿದ್ದನ್ನ ಪ್ಲೇಸ್ಟೇಷನ್‌ನಲ್ಲಿ ಬಳಸೋದು ಅವರಿಗೆ ಇಷ್ಟ ಇರಲಿಲ್ಲ ಅಂತ. ಆಗ ಯಾರೂ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲಿಲ್ಲ.

2021ರ ಮೇನಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಕೋರ್ಟಲ್ಲಿ ಎಪಿಕ್‌ಗೂ ಆಪಲ್‌ಗೂ ಕೇಸ್ ನಡೀತು, ಜಗಳ ಅವರಿಬ್ರದ್ದು, ಕಾಗದಪತ್ರ ಹೊರಗೆ ಬಂದಿದ್ದು ಸೋನಿದು. 2018ರ ಒಂದು ಈಮೇಲ್‌ನಲ್ಲಿ ಎಪಿಕ್‌ನವರು ದಮ್ಮಯ್ಯ ಹಾಕ್ತಿದಾರೆ, ಕ್ರಾಸ್‌ಪ್ಲೇಗೆ ಹ್ಞೂಂ ಅನ್ನಿ, ನಿಮ್ಮ ಜೊತೆ ಸೇರಿನೇ ಘೋಷಣೆ ಮಾಡ್ತೀವಿ, ನಿಮ್ಮನ್ನ ಹೀರೋ ಥರ ತೋರಿಸ್ತೀವಿ. ಸೋನಿ ಕಡೆಯವರ ಉತ್ತರದ ಅರ್ಥ, ಈ ಕ್ರಾಸ್‌ಪ್ಲೇಯಿಂದ ಪ್ಲೇಸ್ಟೇಷನ್ ವ್ಯಾಪಾರಕ್ಕೆ ಏನು ಲಾಭ ಅಂತ ಇಲ್ಲಿವರೆಗೆ ಒಂದು ಕಂಪನಿನೂ ವಿವರಿಸಿಲ್ಲ ಅಂತ. ಆ ಉತ್ತರದಲ್ಲಿ ಮೈನ್‌ಕ್ರಾಫ್ಟ್ ಮಕ್ಕಳ ವಿಚಾರ ಇರಲಿಲ್ಲ, ಬಹುಶಃ ಅಷ್ಟೊತ್ತಿಗೆ ಅವು ದೊಡ್ಡವಾಗಿರಬೇಕು.

ಅದಕ್ಕಿಂತ ರುಚಿಯಾಗಿರೋದು ಆಮೇಲೆ ಸೋನಿಯವರು ಮಾಡಿದ ಲೆಕ್ಕ. ಒಂದು ಆಟದ ಒಟ್ಟು ಆಟದ ಹೊತ್ತಲ್ಲಿ ಪ್ಲೇಸ್ಟೇಷನ್ ಪಾಲು ಎಷ್ಟು, ಒಟ್ಟು ಆದಾಯದಲ್ಲಿ ಪ್ಲೇಸ್ಟೇಷನ್ ಆನ್‌ಲೈನ್ ಅಂಗಡಿ ಪಾಲು ಎಷ್ಟು, ಆದಾಯದ ಪಾಲನ್ನ ಆಟದ ಪಾಲಿಂದ ಭಾಗಿಸಿ, ಶೇ. 85ಕ್ಕಿಂತ ಕಮ್ಮಿ ಬಂದ್ರೆ ಗೇಮ್ ಕಂಪನಿಯವರು ಸೋನಿಗೆ ಪರಿಹಾರ ಕಟ್ಟಬೇಕಿತ್ತು. ಉದಾಹರಣೆಗೆ ಆಟದಲ್ಲಿ ನೂರಕ್ಕೆ 60 ಪಿಎಸ್‌ದು, ಖರೀದಿಯಲ್ಲಿ ನೂರಕ್ಕೆ 40 ಮಾತ್ರ ಪಿಎಸ್‌ದು ಅಂದ್ರೆ ಭಾಗಿಸಿದ್ರೆ ಶೇ. 66 ಚಿಲ್ರೆ, ತೆಗಿ ದುಡ್ಡು. ಅಂದ್ರೆ ನಮ್ಮ ಹೋಟ್ಲು ಬೆಂಚಲ್ಲಿ ಕೂತು ಪೇಪರ್ ಓದಿ, ಪಕ್ಕದ ಹೋಟ್ಲಿಗೆ ಹೋಗಿ ಕಾಫಿ ಕುಡಿದ್ರೆ ಗಿರಾಕಿನ ಕೇಳಲ್ಲ, ಪಕ್ಕದ ಹೋಟ್ಲವನನ್ನೂ ಕೇಳಲ್ಲ, ಇಬ್ರಿಗೂ ಹಾಲು ಹಾಕೋ ಹಾಲಿನವನನ್ನ ಹಿಡ್ಕೊಂಡು ನಮಗೆ ನಷ್ಟ ಆಯ್ತು ಕಟ್ಟು ಅನ್ನೋದು. ಎಪಿಕ್‌ನ ಮುಖ್ಯಸ್ಥ ಟಿಮ್ ಸ್ವೀನಿ ಅವರು ಕಟಕಟೆಯಲ್ಲಿ ನಿಂತು ಹೌದು ಕಟ್ಟಿದೀವಿ, ಈ ಥರ ಕೇಳಿದ್ದು ಸೋನಿಯವರು ಮಾತ್ರ ಅಂತ ಹೇಳಿದ್ರು. ಅಷ್ಟು ವರ್ಷ ಸೆಕ್ಯುರಿಟಿ, ಅನುಭವ, ಮಕ್ಕಳು, ಸಮುದಾಯ ಅಂತ ಹೇಳಿದ್ದೆಲ್ಲಾ ಒಂದು ಭಾಗಾಕಾರದ ಲೆಕ್ಕ.

ನಿಂಟೆಂಡೋದವರನ್ನ ಹೊಗಳಿ ಬಿಟ್ಟೆ ಅಂತ ಅನ್ಕೋಬೇಡಿ. ಎಲ್ರ ಜೊತೆ ಆಡೋಕೆ ಬಿಡ್ತಾರೆ ನಿಜ, ಮಾತಾಡೋಕೆ ಮಾತ್ರ ನೆಟ್ಟಗೆ ಬಿಡ್ತಿರಲಿಲ್ಲ. 2017ರಲ್ಲಿ ಸ್ವಿಚ್‌ಗೆ ಅವರದ್ದೇ ಸ್ಪ್ಲಟೂನ್ 2 ಆಟ ಬಂದಾಗ ಸ್ನೇಹಿತರ ಜೊತೆ ಮಾತಾಡಬೇಕಾದ್ರೆ ಫೋನಿಗೆ ಬೇರೆ ಆ್ಯಪ್ ಹಾಕ್ಕೋಬೇಕಿತ್ತು, ಆ್ಯಪ್ ತೆರೆದೇ ಇರಬೇಕು, ಸ್ಕ್ರೀನ್ ಆಫ್ ಆದ್ರೆ ಮಾತು ಕಟ್. ಆಟದ ಸೌಂಡು ಸ್ವಿಚ್‌ನಿಂದ, ಮಾತು ಫೋನಿಂದ, ಇರೋದು ಎರಡೇ ಕಿವಿ, ಅದಕ್ಕೆ ಹೋರಿ ಅನ್ನೋ ಕಂಪನಿಯವರು ಒಂದು ಹೆಡ್‌ಸೆಟ್ ಮಾಡಿದ್ರು, ಒಂದು ವೈರು ಸ್ವಿಚ್‌ಗೆ, ಒಂದು ಫೋನಿಗೆ, ಒಂದು ತಲೆಗೆ, ಮಧ್ಯೆ ಒಂದು ಡಬ್ಬಿ. ಆ ಫೋಟೋ ನೋಡಿದ್ರೆ ಐಸಿಯುನಲ್ಲಿ ಮಲಗಿರೋರೂ ನಮ್ಮದೇ ಪರವಾಗಿಲ್ಲ ಅಂತಾರೆ. ಮುಂದಿನ ವರ್ಷ ಈ ಸೌಭಾಗ್ಯಕ್ಕೆ ವರ್ಷಕ್ಕೆ 20 ಡಾಲರ್ ಚಂದಾ ಇಟ್ರು. 2025ರಲ್ಲಿ ಸ್ವಿಚ್ 2 ಬಂದಾಗ ಕಂಟ್ರೋಲರ್ ಮೇಲೆ ಒಂದು ಸಿ ಬಟನ್, ಒತ್ತಿದ್ರೆ ಮಾತಾಡಬಹುದು, ಅದನ್ನೇ ಹೊಸ ಆವಿಷ್ಕಾರ ಅಂತ ಮೆರೆಸಿದ್ರು. ಬೇರೆಯವರು ಇದನ್ನ ಇಪ್ಪತ್ತು ವರ್ಷದ ಹಿಂದೆನೇ ಮಾಡಿದ್ರು.

ಚಂದಾ ವಿಷಯಕ್ಕೆ ಬಂದ್ರೆ, ಮನೆಗೆ ಇಂಟರ್ನೆಟ್ ಬಿಲ್ ಕಟ್ಟಿದೀವಿ, ಆಟಕ್ಕೆ ದುಡ್ಡು ಕೊಟ್ಟಿದೀವಿ, ಆದ್ರೂ ನಮ್ಮ ಇಂಟರ್ನೆಟ್ಟಲ್ಲಿ ನಮ್ಮ ಆಟ ಆಡೋಕೆ ಮೂರನೇ ಸಲ ಕಟ್ಟಬೇಕು. ಫ್ರೀ ಆಟಕ್ಕೂ ಎಕ್ಸ್‌ಬಾಕ್ಸ್‌ನಲ್ಲಿ 2021ರ ಏಪ್ರಿಲ್‌ವರೆಗೆ ಗೋಲ್ಡ್ ಚಂದಾ ಬೇಕಿತ್ತು, ಫ್ರೀ ಅನ್ನೋದಕ್ಕೆ ಇಂಥ ಟಿಕೆಟ್ಟು ಇನ್ನೆಲ್ಲೂ ಸಿಗಲ್ಲ. 2025ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕ್ ಹೆಚ್ಚುಕಮ್ಮಿ ಒಂದು ದಿನ ಪೂರ್ತಿ ಮಲಗಿತ್ತು, ಎದ್ದ ಮೇಲೆ ಕಾರಣ ಕೇಳಿದ್ರೆ ಕಾರ್ಯನಿರ್ವಹಣೆಯ ತೊಂದರೆ, ಚಂದಾದಾರರಿಗೆ ಐದು ದಿನ ಜಾಸ್ತಿ ಕೊಟ್ಟಿದೀವಿ ಅಂದ್ರು. ಕೆಲಸ ಮಾಡದೇ ಇದ್ದಿದ್ದಕ್ಕೆ ಕಾರಣ ಕೆಲಸ ಮಾಡೋದರಲ್ಲಿ ತೊಂದರೆ, ನಮ್ಮ ಕರೆಂಟ್ ಆಫೀಸಿನವರೂ ಇಷ್ಟು ಸ್ಪಷ್ಟವಾಗಿ ಹೇಳಲ್ಲ.

ಈಗ ಗೋಡೆ ಹೋಯ್ತಲ್ಲ, ಸಂತೋಷ ತಾನೇ ಅಂದ್ರೆ, ಗೋಡೆ ಕೆಡವಿ ಅಂತ ಕೂಗಿದ್ದೋರಲ್ಲೇ ಅರ್ಧ ಜನ ಈಗ ಸೆಟ್ಟಿಂಗ್‌ನಲ್ಲಿ ಕ್ರಾಸ್‌ಪ್ಲೇ ಆಫ್ ಮಾಡೋ ಬಟನ್ ಹುಡುಕ್ತಿದಾರೆ. ಕಂಪ್ಯೂಟರ್‌ನವನು ಮೌಸ್ ಹಿಡ್ಕೊಂಡು ತಲೆಗೇ ಹೊಡೀತಾನೆ ಮೋಸ ಅಂತ ಇವನು, ಕಂಟ್ರೋಲರ್‌ನವನಿಗೆ ಮಷಿನ್ನೇ ಗುರಿ ಹಿಡ್ಕೊಡುತ್ತೆ ಮೋಸ ಅಂತ ಅವನು. ಇದು ಇವತ್ತಿಗೂ ತೀರ್ಮಾನ ಆಗಿಲ್ಲ, ಆಗೋದೂ ಇಲ್ಲ.

ಸೋನಿಯವರಿಗೂ ಗೇಟ್ ಇಲ್ದೆ ನಿದ್ದೆ ಬರಲ್ಲ ಅಂತ ಕಾಣುತ್ತೆ. 2024ರಲ್ಲಿ ಹೆಲ್‌ಡೈವರ್ಸ್ 2 ಅಂತ ಒಂದು ಆಟ ಪಿಎಸ್5ಗೂ ಕಂಪ್ಯೂಟರ್‌ಗೂ ಬಿಟ್ರು, ಎರಡೂ ಕಡೆಯವರು ಸೇರ್ಕೊಂಡು ಕೀಟಗಳನ್ನ ಹೊಡ್ಕೊಂಡು ಸುಖವಾಗಿದ್ರು. ಮೂರು ತಿಂಗಳಾದ ಮೇಲೆ ಜ್ಞಾನೋದಯ ಆಯ್ತು, ಕಂಪ್ಯೂಟರ್‌ನವರೂ ಪ್ಲೇಸ್ಟೇಷನ್ ಅಕೌಂಟ್ ಲಿಂಕ್ ಮಾಡ್ಲೇಬೇಕು ಅಂದ್ರು. ಆ ಅಕೌಂಟು ಎಸ್ಟೋನಿಯಾ, ಲಾಟ್ವಿಯಾ, ಫಿಲಿಪ್ಪೀನ್ಸ್ ಥರ ನೂರಕ್ಕೂ ಹೆಚ್ಚು ಕಡೆ ಆಗ ಸಿಗ್ತಾನೇ ಇರಲಿಲ್ಲ, ಆದ್ರೆ ಆಟ ಮಾತ್ರ ಅಲ್ಲೆಲ್ಲಾ ಮಾರಿಯಾಗಿತ್ತು. ಭಾರತದಲ್ಲಿ ಸಿಗುತ್ತೆ, ನಾವು ಬಚಾವ್. ಕಂಪ್ಯೂಟರ್ ಆಟ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಜನ ಲಕ್ಷಗಟ್ಲೆ ಉಗಿದ ಮೇಲೆ, ಕಂಪ್ಯೂಟರ್ ಆಟಗಾರರಿಗೆ ಯಾವುದು ಒಳ್ಳೇದು ಅಂತ ನಾವಿನ್ನೂ ಕಲೀತಿದೀವಿ ಅಂತ ಹೇಳಿ ಕೆಲವೇ ದಿನದಲ್ಲಿ ಹಿಂದೆ ತಗೊಂಡ್ರು. ನಿಯಮ ಹೋಯ್ತು, ಅಷ್ಟರಲ್ಲಿ ಆ ದೇಶಗಳಲ್ಲಿ ಮಾರಾಟನೂ ನಿಲ್ಲಿಸಿಯಾಗಿತ್ತು, ನಿಯಮ ಹೋದಾಗ ಅದು ವಾಪಸ್ ಬರಲಿಲ್ಲ.

ಇಷ್ಟೆಲ್ಲಾ ಆದ್ಮೇಲೆ 2025ರ ಆಗಸ್ಟ್‌ನಲ್ಲಿ ಅದೇ ಹೆಲ್‌ಡೈವರ್ಸ್ 2 ಎಕ್ಸ್‌ಬಾಕ್ಸ್‌ಗೂ ಬಂತು, ಬಿಟ್ಟಿದ್ದು ಸ್ವತಃ ಸೋನಿಯವರೇ. ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನವರು ತಮ್ಮ ಮನೆದೇವರಂತಿದ್ದ ಹೇಲೋ ಆಟನ ಪಿಎಸ್5ಗೂ ತರ್ತೀವಿ ಅಂತ ಘೋಷಿಸಿದ್ರು. ಇವನ ಆಟ ಅವನಂಗಡಿಯಲ್ಲಿ, ಅವನ ಆಟ ಇವನಂಗಡಿಯಲ್ಲಿ. ಇಷ್ಟು ವರ್ಷ ಇವರ ಪರ, ಅವರ ಪರ ನಿಂತು ಕೀಬೋರ್ಡ್ ಸವೆಸಿದ ಯೋಧರಿಗೆ ಪಿಂಚಣಿ ಕೊಡೋರು ಯಾರು ಅಂತ ಎರಡು ಕಂಪನಿಯವರೂ ಬಾಯಿ ಬಿಟ್ಟಿಲ್ಲ.