ದೀಕ್ಷಾಸ್ನಾನದ ಜಗಳ: ಒಂದೇ ಸಭೆಯಲ್ಲಿ ಉಳಿಯಬೇಕಾ?

ಮುಂಬೈಯ ಕನ್ನಡ ಕ್ರೈಸ್ತರಲ್ಲಿ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಈ ಮಾತು ಆಗಾಗ ಏಳುತ್ತದೆ. ಕೂಸಾಗಿದ್ದಾಗ ಪಾದ್ರಿ ತಲೆಗೆ ನೀರು ಹಾಕಿದ್ದು ಸಾಕು ಅಂತ ಒಬ್ಬರು. ತಾನೇ ನಂಬಿ, ನೀರಲ್ಲಿ ಮುಳುಗಿ ಎದ್ದರೆ ಮಾತ್ರ ದೀಕ್ಷಾಸ್ನಾನ ಅಂತ ಇನ್ನೊಬ್ಬರು. ಇಬ್ಬರೂ ಒಂದೇ ಸಭೆಯಲ್ಲಿ, ಅಂದರೆ ಒಂದೇ ಚರ್ಚಿನ ಕೂಟದಲ್ಲಿ, ಇರಬೇಕಾ, ಬೇಡವಾ?

ಪರ: ಇರಲೇಬೇಕು

ಬಿಟ್ಟು ಎಲ್ಲಿಗೆ ಹೋಗುತ್ತೀರಿ, ಮೊದಲು ಅದನ್ನು ಹೇಳಿ. ಮಂಗಳೂರಿನಲ್ಲೋ ಬೀದರಿನಲ್ಲೋ ಆದರೆ ಒಂದು ಬಿಟ್ಟರೆ ಇನ್ನೊಂದು ಕನ್ನಡ ಚರ್ಚು ಸಿಗುತ್ತದೆ. ಇಲ್ಲಿ ಭಾನುವಾರದ ಮೆಗಾ ಬ್ಲಾಕಿನಲ್ಲಿ (ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಹೊತ್ತಿನಲ್ಲಿ), ಕಲ್ಯಾಣದಿಂದ ಪನ್ವೇಲಿನಿಂದ ಮಕ್ಕಳನ್ನು ಎಳೆದುಕೊಂಡು ಬಂದರೆ ಸಿಗುವುದೇ ಒಂದು ಸಭೆ. ಬಾಸೆಲ್ ಮಿಷನ್ ಮನೆತನದ ಮಂಗಳೂರಿನವರೂ ಮೆಥಡಿಸ್ಟ್ ಸಭೆಯ ಬೀದರಿನವರೂ ಒಂದೇ ಬೆಂಚಿನಲ್ಲಿ ಕೂರುವುದು ಇಂಥ ಕಡೆ ಮಾತ್ರ. ಅದನ್ನು ಒಡೆದರೆ ಸಂಡೇ ಸ್ಕೂಲಿಗೆ ಮಕ್ಕಳೇ ಇರುವುದಿಲ್ಲ.

ಆಗದ ಮಾತು ಅನ್ನಬೇಡಿ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಪಂಗಡಗಳು ಸೇರಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆಯಿತು. ಅದರಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಆಂಗ್ಲಿಕನರಿದ್ದರು, ನಂಬಿದವರಿಗೆ ಮಾತ್ರ ಕೊಡುವ ಬ್ಯಾಪ್ಟಿಸ್ಟರೂ ಬ್ರೆದ್ರನ್ ಸಭೆಯವರೂ ಇದ್ದರು. ಯಾರು ಸರಿ ಅಂತ ತೀರ್ಮಾನ ಆಗಲಿಲ್ಲ, ಎರಡು ಪದ್ಧತಿಗೂ ಜಾಗ ಸಿಕ್ಕಿತು.

ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಓದಿ. ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ. ಯಾವುದೂ ಅಶುದ್ಧವಲ್ಲ ಅಂತ ಪೌಲನಿಗೆ ಗೊತ್ತು, ಬರೆದೂ ಇದ್ದಾನೆ. ಆದರೂ ಅವನು ತಿದ್ದುವುದು ಹೀಗಳೆಯುವ ಬಾಯನ್ನು, ತೀರ್ಪು ಹೇಳುವ ಬಾಯನ್ನು. ತಟ್ಟೆಯನ್ನಲ್ಲ. ನಮ್ಮ ಸಭೆಗಳಲ್ಲಿ ಆ ಬಾಯಿಗಳದ್ದೇ ಕಾಟ ಜಾಸ್ತಿ, ಅಲ್ವಾ?

ವಿರೋಧ: ಬೇಕಾದರೆ ಬೇರೆಯಾಗಲಿ

ಕಾಯಿಪಲ್ಯದ ಜಗಳವೂ ದೀಕ್ಷಾಸ್ನಾನದ ಜಗಳವೂ ಒಂದೇನಾ? ಅದೇ ಪೌಲ ಅಂತಿಯೋಕ್ಯದಲ್ಲಿ ಏನು ಮಾಡಿದ? ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಊಟ ಮಾಡುತ್ತಿದ್ದ ಪೇತ್ರ, ಯೆಹೂದ್ಯರಾದ ಯಾಕೋಬನ ಕಡೆಯವರು ಬಂದ ಕೂಡಲೇ ಹಿಂದೆ ಸರಿದಾಗ, ಎಲ್ಲರ ಮುಂದೆಯೇ ಅವನನ್ನು ತರಾಟೆಗೆ ತೆಗೆದುಕೊಂಡ. ಸಭೆಯ ಶಾಂತಿ ಕೆಡುತ್ತದೆ ಅಂತ ಸುಮ್ಮನಾಗಲಿಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಕೂಸಾಗಿದ್ದಾಗ ದೀಕ್ಷಾಸ್ನಾನ ಆದ ಹುಡುಗಿ ಇಪ್ಪತ್ತೈದಕ್ಕೆ ಬಂದು, ನನಗೆ ಮುಳುಗುವ ದೀಕ್ಷಾಸ್ನಾನ ಬೇಕು ಅನ್ನುತ್ತಾಳೆ. ಅವಳಿಗೆ ಇದು ಮೊದಲನೆಯದು, ಪಾದ್ರಿಗೆ ಎರಡನೆಯದು. ಎರಡನೆಯದು ಕೊಟ್ಟರೆ ಮೊದಲನೆಯದು ಸುಳ್ಳು ಅಂದ ಹಾಗೆ, ಕೊಡದಿದ್ದರೆ ಅವಳ ವಿಧೇಯತೆಗೆ ಅಡ್ಡ ನಿಂತ ಹಾಗೆ. ಎರಡು ಪದ್ಧತಿಗೂ ಜಾಗ ಅನ್ನುವ ಸೂತ್ರ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಆಗ ನಾವು ಹೇಳುವುದೇನು? ಒಗ್ಗಟ್ಟಿಗೋಸ್ಕರ ಸುಮ್ನೆ ಇರಮ್ಮ. ಕಮಿಟಿಯ ಹಿರಿಯರಿಗೆ ಮಾತ್ರ ಯಾರೂ ಹಾಗೆ ಹೇಳುವುದಿಲ್ಲ ನೋಡಿ.

ನಾಗಪುರದ ಕಥೆಯನ್ನೂ ಪೂರ್ತಿ ಹೇಳಬೇಕು. ಗುಜರಾತಿನ ಬ್ರೆದ್ರನ್ ಸಭೆಯ ಒಂದು ಗುಂಪು ಆ ವಿಲೀನವನ್ನು ಒಪ್ಪಲಿಲ್ಲ. ಆಸ್ತಿಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ವಿಲೀನ ಕಾನೂನು ಪ್ರಕಾರ ಆಗಿಯೇ ಇಲ್ಲ ಅಂತ 2013ರಲ್ಲಿ ತೀರ್ಪು ಬಂತು. ಮನಸ್ಸು ಸೇರದೆ ಕಾಗದ ಸೇರಿದರೆ ನಾಲ್ಕು ದಶಕ ಹೀಗೆ ಕಳೆಯುತ್ತದೆ.

ಪೌಲನೂ ಅವನ ಜೊತೆಗಾರ ಬಾರ್ನಬನೂ, ಮಾರ್ಕನನ್ನು ಜೊತೆಗೆ ಕರೆದೊಯ್ಯಬೇಕೋ ಬೇಡವೋ ಅನ್ನುವ ವಿಷಯಕ್ಕೆ ತೀಕ್ಷ್ಣವಾಗಿಯೇ ಜಗಳವಾಡಿ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ (ಸೈಪ್ರಸ್ ದ್ವೀಪಕ್ಕೆ) ಹಡಗು ಹತ್ತಿದ, ಪೌಲ ಸೀಲನ ಜೊತೆ ಸಿರಿಯದ ಕಡೆ ಹೋದ. ಮುಂದೆ ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಅಂತ ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ. ಬೇರೆಯಾದರೆ ಪ್ರೀತಿ ಸತ್ತಿತು ಅಂತಲ್ಲ.

ಹಾಗಂತ ಡ್ರಮ್ಸ್ ಬೇಕೋ ಬೇಡವೋ ಅಂತ, ಕಮಿಟಿ ಸೀಟು ತಪ್ಪಿತು ಅಂತ ಸಭೆ ಒಡೆದು ಅದಕ್ಕೆ ಸಿದ್ಧಾಂತದ ಹೆಸರಿಡುವವರ ಪರ ನಾನಿಲ್ಲ. ಹೋಗುವವರು ಪಾದ್ರಿಯ ಎದುರು ಕೂತು ಕಾರಣ ಹೇಳಿ ಹೋಗಲಿ, ಮನೆಮನೆ ಸುತ್ತಿ ಜನ ಎಳೆಯುವುದು ಬೇಡ, ಕಾಣಿಕೆಯ ದುಡ್ಡಿನಲ್ಲಿ ಪಾಲು ಕೇಳುವುದೂ ಬೇಡ. ಉಳಿದವರು ಅವರ ಮನೆಯ ಮದುವೆಗೆ, ಸಾವಿಗೆ ಹೋಗುವುದನ್ನು ಬಿಡಬಾರದು. ಎರಡೂ ಕಡೆಯವರು ಇಷ್ಟು ಮಾಡಿದರೆ ಆ ಹುಡುಗಿ ಹೊಸ ಸಭೆಗೆ ಹೋದರೂ ಕ್ರಿಸ್ಮಸ್ಸಿಗೆ ಹಳೆಯ ಚರ್ಚಿಗೆ ಬಂದು ಅಮ್ಮನ ಪಕ್ಕ ಕೂರಬಹುದು, ಯಾರೂ ಮುಖ ತಿರುಗಿಸುವುದಿಲ್ಲ.